ಬೂಸ್ಟರ್ ಕೊಳ್ಳುವ ಮೊದಲು: ತೋಟದ ಮನೆಗೆ ಸಿಗ್ನಲ್ ಹುಡುಕುವ ಬಗೆ

ಕೊಡಗಿನ ಭಾಗಮಂಡಲ, ನಾಪೋಕ್ಲು ಕಡೆಯ ತೋಟದ ಮನೆಗಳಲ್ಲಿ ಮೊಬೈಲ್ ಸಿಗ್ನಲ್ ಹಿಗ್ಗಿಸುವ ಸಾವಿರಾರು ರೂಪಾಯಿಯ ಬೂಸ್ಟರ್ ತಂದು, ತಮ್ಮ ಕರೆಯ ಜೊತೆಗೆ ನೆರೆಮನೆಯ ಕರೆಯನ್ನೂ ಕೆಡಿಸಿದವರನ್ನು ಕಂಡ ಮೇಲೆ ಇದನ್ನು ಬರೆಯಬೇಕೆನಿಸಿತು.

ಮೊದಲನೆಯದಾಗಿ, ಪರದೆಯ ಮೇಲಿನ ಕಡ್ಡಿಗಳನ್ನು ನಂಬಬೇಡಿ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ‘ಅಬೌಟ್ ಫೋನ್’ ವಿಭಾಗದ ‘ಸಿಮ್ ಸ್ಟೇಟಸ್’ ತೆರೆದರೆ ಸಿಗ್ನಲ್ಲಿನ ಬಲವನ್ನು ಅಳೆಯುವ ಡಿಬಿಎಂ ಲೆಕ್ಕದ ಸಂಖ್ಯೆ ಸಿಗುತ್ತದೆ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಚೆನ್ನ. ಮೈನಸ್ 110ಕ್ಕಿಂತ ಕೆಳಗಿಳಿದರೆ ಕಷ್ಟ. ಸಂಖ್ಯೆ 3ರಷ್ಟು ಕುಸಿದರೆ ಬಲ ಅರ್ಧಕ್ಕಿಳಿದಂತೆ.

ಎರಡನೆಯದಾಗಿ, ಜಗಲಿ, ಅಂಗಳ, ಮಹಡಿಗಳಲ್ಲಿ ಅರ್ಧ ನಿಮಿಷ ನಿಂತು ಸಂಖ್ಯೆ ಬರೆದುಕೊಳ್ಳಿ. ತಗಡಿನ ಮಾಡಿನ ಕೆಳಗೆ ಅದು ಕುಸಿಯುವುದು ಸಹಜ.

ಎಲ್ಲರೂ ಎಡವುವುದು ಮೂರನೆಯ ಹಂತದಲ್ಲಿ. ಸಂಖ್ಯೆ ಚೆನ್ನಾಗಿದ್ದೂ ಮಾತು ತುಂಡಾಗುತ್ತಿದ್ದರೆ, ಟವರಿನ ದಟ್ಟಣೆಯಲ್ಲದೆ ಇನ್ನೊಂದು ಕಾರಣವೂ ಇರಬಹುದು: ಸಿಗ್ನಲ್‌ಗಳ ಅಡ್ಡಿ. 4ಜಿಯ ನೆರೆಹೊರೆಯ ಟವರುಗಳು ಸಾಮಾನ್ಯವಾಗಿ ಒಂದೇ ತರಂಗಾಂತರವನ್ನು ಬಳಸುವುದರಿಂದ, ಬಾಣೆಯ, ಅಂದರೆ ಗುಡ್ಡದ ಹುಲ್ಲುಗಾವಲಿನ, ನೆತ್ತಿಯಲ್ಲಿ ನಿಂತಾಗ ಎರಡು ಮೂರು ಕಣಿವೆಗಳ ಟವರುಗಳು ಸಮಬಲದಲ್ಲಿ ಕೇಳಿಸಿ ಒಂದನ್ನೊಂದು ಮಸುಕುಗೊಳಿಸುತ್ತವೆ. ಅಂಥ ಕಡೆ ಇನ್ನೂ ಎತ್ತರಕ್ಕೆ ಹತ್ತುವುದು ತಪ್ಪು. ಒಂದೇ ಟವರಿಗೆ ಮುಖ ಮಾಡಿದ ಕಿಟಕಿಯ ಬಳಿ, ಉಳಿದವುಗಳಿಗೆ ಗೋಡೆಯೋ ಗುಡ್ಡವೋ ಮರೆಯಾಗುವಂತೆ ಕುಳಿತು ನೋಡಿ.

ನಿಮ್ಮ ಫೋನು ಎಷ್ಟು ಜೋರಾಗಿ ಪ್ರಸಾರ ಮಾಡಬೇಕೆಂಬುದನ್ನು ಟವರೇ ತಿದ್ದುತ್ತಿರುತ್ತದೆ. 3ಜಿಯಲ್ಲಿ ಈ ಆದೇಶ ಸೆಕೆಂಡಿಗೆ 1500 ಬಾರಿ ಹೋಗುತ್ತಿತ್ತು. 4ಜಿ ಫೋನಿನ ಗರಿಷ್ಠ ಶಕ್ತಿ ಸಾಮಾನ್ಯವಾಗಿ 200 ಮಿಲಿವ್ಯಾಟ್. ದುರ್ಬಲ ಜಾಗದಲ್ಲಿ ಅದು ಆ ಮಿತಿಯಲ್ಲೇ ದುಡಿಯುವುದರಿಂದ ಬಿಸಿಯಾಗಿ ಬ್ಯಾಟರಿ ಬೇಗ ಕರಗುತ್ತದೆ. ಅಗ್ಗದ ಬೂಸ್ಟರ್ ಈ ಶಿಸ್ತನ್ನೇ ಮುರಿಯುತ್ತದೆ. ಅದು ಮಾತಿನೊಡನೆ ಗದ್ದಲವನ್ನೂ ಹಿಗ್ಗಿಸಿ ಟವರಿನ ಕಿವಿಗೆ ತುಂಬುತ್ತದೆ. ಒಳಗಿನ ಮತ್ತು ಹೊರಗಿನ ಆಂಟೆನಾಗಳು ಹತ್ತಿರವಿದ್ದರೆ ಸಭೆಯ ಮೈಕು ಕಿರುಚುವ ಹಾಗೆ ತಾನೇ ಕಿರುಚತೊಡಗುತ್ತದೆ. ಆಗ ಸುತ್ತಲಿನ ಫೋನುಗಳೆಲ್ಲ ಶಕ್ತಿ ಏರಿಸಬೇಕಾಗುತ್ತದೆ, ಅಂಚಿನಲ್ಲಿರುವ ಮನೆಗೆ ಸಂಪರ್ಕವೇ ತಪ್ಪುತ್ತದೆ. ಅನುಮತಿಯಿಲ್ಲದೆ ಬೂಸ್ಟರ್ ಅಳವಡಿಸುವುದು ಕಾನೂನುಬಾಹಿರವೂ ಹೌದು. ಫೋನಿನ ಬೆನ್ನಿಗೆ ಅಂಟಿಸುವ ‘ಸಿಗ್ನಲ್ ಸ್ಟಿಕ್ಕರ್’ಗಳಿಗಂತೂ ಒಂದು ರೂಪಾಯಿಯನ್ನೂ ಕೊಡಬೇಡಿ.

ಕೊನೆಯದಾಗಿ, ಮನೆಗೆ ಫೈಬರ್ ಬಂದಿದ್ದರೆ ಫೋನಿನಲ್ಲಿ ‘ವೈಫೈ ಕಾಲಿಂಗ್’ ಆನ್ ಮಾಡಿ, ಆಗ ಕರೆ ಟವರಿನ ಬದಲು ಮನೆಯ ವೈಫೈ ಮೂಲಕ ಹೋಗುತ್ತದೆ. ನನ್ನ ಮಟ್ಟಿಗೆ ಇದೇ ಅತ್ಯುತ್ತಮ ದಾರಿ. ಆದರೆ ಮಳೆಗಾಲದಲ್ಲಿ ಕರೆಂಟ್ ಹೋದೊಡನೆ ರೂಟರ್ ನಿಲ್ಲುತ್ತದೆ, ಆದ್ದರಿಂದ ಜೂನ್‌ಗೆ ಮುಂಚೆಯೇ ಅದಕ್ಕೊಂದು ಚಿಕ್ಕ ಯುಪಿಎಸ್ ಜೋಡಿಸಿಡಿ.