ಕೇಳಿದ್ದು 3300, ಸಿಕ್ಕಿದ್ದು 798

ಏಪ್ರಿಲ್ ಕೊನೆಯಲ್ಲಿ ಒಂದು ಸಂಜೆ ನಮ್ಮ ತೋಟದ ಮೇಲಿನ ಗುಡ್ಡಕ್ಕೆ ಸಿಡಿಲು ಬಡಿಯಿತು. ಮೋಡೆಮ್ ಹೋಯಿತು, ಫ್ರಿಡ್ಜಿನ ಸ್ಟೆಬಿಲೈಸರ್ ಹೋಯಿತು, ಲ್ಯಾಪ್‌ಟಾಪಿನ ಚಾರ್ಜರೂ ಹೋಯಿತು. ಹೊಸನಗರದ ಕಡೆಯವರಿಗೆ ಇದೇನು ಹೊಸ ಸುದ್ದಿ ಅಲ್ಲ ಬಿಡಿ. ಮಾರನೆ ದಿನ ಶಿವಮೊಗ್ಗಕ್ಕೆ ಹೋದವನು ಒಂದು ಅಂಗಡಿಯಲ್ಲಿ 700 ರೂಪಾಯಿಗೆ ಬೇರೆ ಚಾರ್ಜರ್ ತಂದೆ. ಪಿನ್ ಸರಿಯಾಗಿ ಕೂತಿತು, ಲೈಟ್ ಹತ್ತಿತು, ಅಲ್ಲಿಗೆ ಆ ವಿಷಯ ಮರೆತೆ.

ಮೇ ಪೂರ್ತಿ ಮದುವೆ ಮನೆ ಓಡಾಟ, ಲ್ಯಾಪ್‌ಟಾಪ್ ಮುಟ್ಟಿದ್ದೇ ಕಡಿಮೆ. ಜೂನ್‌ನಲ್ಲಿ ಕೆಲಸ ಶುರು ಮಾಡಿದಾಗ ನೋಡಿದರೆ, ಮೊದಲು 7 ನಿಮಿಷಕ್ಕೆ ಮುಗಿಯುತ್ತಿದ್ದ ಬಿಲ್ಡ್ (ಬರೆದ ಕೋಡನ್ನು ಓಡುವ ಪ್ರೋಗ್ರಾಮ್ ಮಾಡುವ ಕೆಲಸ) 26 ನಿಮಿಷ ತಗೊಳ್ತಿದೆ. ಮೆಷೀನ್ ಹಳೆಯದು ನಿಜ. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು, ಇಂಟೆಲ್ ಐ5-4300ಎಂ, ಎರಡು ಕೋರ್, ನಾಲ್ಕು ಥ್ರೆಡ್, ಮೂಲ ವೇಗ 2.6 ಗಿಗಾಹರ್ಟ್ಸ್, ಟರ್ಬೋದಲ್ಲಿ 3.3. ಆದರೂ ಒಂದೇ ತಿಂಗಳಲ್ಲಿ ಯಾರೂ ಇಷ್ಟು ಮುದಿಯಾಗೋದಿಲ್ಲ, ಅಲ್ವಾ?

ಮಳೆಗಾಲದಲ್ಲಿ ನಮ್ಮಲ್ಲಿ ಚಪ್ಪಲಿಗೂ ಬೂಷ್ಟು, ಬೆಲ್ಟಿಗೂ ಬೂಷ್ಟು. ಹಾಗಾಗಿ ಮೊದಲು ಫ್ಯಾನ್ ಮೇಲೇ ಅನುಮಾನ ಬಂತು. ಹಿಂದಿನ ಮುಚ್ಚಳ ಬಿಚ್ಚಿ ಹಳೆ ಪೇಂಟ್ ಬ್ರಷ್‌ನಲ್ಲಿ ಧೂಳು ಗುಡಿಸಿದೆ. ಏನೂ ಬದಲಾಗಲಿಲ್ಲ. ಅಪ್ಪಯ್ಯ ಪಕ್ಕದಲ್ಲೇ ಕೂತು ನೋಡ್ತಿದ್ದರು. "ಅದಕ್ಕೂ ಥಂಡಿ ಹಿಡೀತೇನೋ" ಅಂದರು.

ಊಹೆ ಸಾಕು, ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನನ್ನೇ ಕೇಳೋಣ ಅಂತ ಆಮೇಲೆ ಕೂತೆ. ಲಿನಕ್ಸ್‌ನಲ್ಲಿ ಇದಕ್ಕೆ ಹೊರಗಿನ ಸಾಫ್ಟ್‌ವೇರ್ ಏನೂ ಬೇಡ. ಸಿಸ್ ಫೋಲ್ಡರಿನಿಂದ ಡಿವೈಸಸ್, ಸಿಸ್ಟಮ್, ಸಿಪಿಯು ಅಂತ ಇಳಿದರೆ ಪ್ರತಿ ಸಿಪಿಯುಗೂ ಒಂದು ಸಿಪಿಯುಫ್ರೆಕ್ ಫೋಲ್ಡರ್ ಇರುತ್ತದೆ. ಅದರೊಳಗೆ ಗವರ್ನರ್ (ಎಷ್ಟು ವೇಗ ಕೇಳಬೇಕು ಅಂತ ನಿರ್ಧರಿಸುವ ಭಾಗ) ಯಾವುದು, ಕನಿಷ್ಠ ಎಷ್ಟು, ಗರಿಷ್ಠ ಎಷ್ಟು, ಈಗ ಎಷ್ಟು ಅಂತ ಒಂದೊಂದು ಪುಟ್ಟ ಫೈಲ್. ಕ್ಯಾಟ್ ಕಮಾಂಡ್ ಹಾಕಿದರೆ ಸಂಖ್ಯೆ ಬರುತ್ತದೆ, ಕಿಲೋಹರ್ಟ್ಸ್ ಲೆಕ್ಕದಲ್ಲಿ. 3300000 ಅಂದರೆ 3.3 ಗಿಗಾಹರ್ಟ್ಸ್.

ಈಗಿನ ವೇಗ ಹೇಳುವ ಸ್ಕೇಲಿಂಗ್ ಕರ್ ಫ್ರೆಕ್ ಫೈಲಿನಲ್ಲಿ 798 ಮೆಗಾಹರ್ಟ್ಸ್ ಅಂತ ಬಂತು. ಇಲ್ಲೇ ನಾನು ಎಡವಿದ್ದು. ಸುಮ್ನೆ ಕೂತ ಮೆಷೀನ್ 800ರ ಹತ್ತಿರ ಇರೋದು ಸರಿಯೇ, ಕೆಲಸ ಇಲ್ಲದಾಗ ಇಳಿದಿರಲಿ ಅಂತಲೇ ಇಷ್ಟೆಲ್ಲ ಏರ್ಪಾಡು ಇರೋದು. ಹಾಗಾಗಿ ಸರಿ ಇದೆ ಅಂದುಕೊಂಡು ಮಲಗಿದೆ. ಮಾರನೆ ದಿನ ಬುದ್ಧಿ ಬಂದು, ಒಂದು ಟರ್ಮಿನಲ್‌ನಲ್ಲಿ ಒಂದೇ ಅಕ್ಷರ ಬರೆಯುತ್ತಲೇ ಇರುವ ಯೆಸ್ ಕಮಾಂಡನ್ನು, ಬಂದದ್ದನ್ನೆಲ್ಲ ನುಂಗುವ ಡೆವ್ ನಲ್‌ಗೆ ಸುರಿಯೋಕೆ ಬಿಟ್ಟೆ, ಇನ್ನೊಂದರಲ್ಲಿ ವಾಚ್ ಹಾಕಿ ಸೆಕೆಂಡಿಗೊಮ್ಮೆ ನಾಲ್ಕೂ ಸಿಪಿಯುಗಳ ಸಂಖ್ಯೆ ನೋಡಿದೆ (ಒಂದೊಂದು ಥ್ರೆಡ್ಡನ್ನೂ ಲಿನಕ್ಸ್ ಒಂದು ಸಿಪಿಯು ಅಂತಲೇ ಎಣಿಸುತ್ತದೆ). ಒಂದು ಸಿಪಿಯು ಉಸಿರು ಬಿಗಿಹಿಡಿದು ದುಡಿಯುತ್ತಿದೆ, ಆದರೂ 798. ಎರಡು, ಮೂರು, ನಾಲ್ಕು ಯೆಸ್ ಓಡಿಸಿದೆ. 798. ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದ ಹಾಗೆ.

ಗವರ್ನರ್ ಶೆಡ್‌ಯುಟಿಲ್ ಇತ್ತು. 2016ರಲ್ಲಿ, 4.7 ಕರ್ನಲ್‌ನಲ್ಲಿ ಬಂದದ್ದು, ಶೆಡ್ಯೂಲರ್ (ಯಾವ ಕೆಲಸ ಯಾವಾಗ ಅಂತ ಹಂಚುವ ಕರ್ನಲ್ ಭಾಗ) ಹೇಳುವ ಕೆಲಸದ ಹೊರೆ ನೋಡಿ ವೇಗ ಕೇಳುತ್ತದೆ. ಯಾವಾಗಲೂ ಗರಿಷ್ಠ ವೇಗ ಕೇಳುವ ಪರ್ಫಾರ್ಮೆನ್ಸ್‌ಗೆ ಬದಲಿಸಿದೆ, ಪ್ರಯೋಜನ ಇಲ್ಲ. ಗರಿಷ್ಠ ಮಿತಿ 3300000 ಅಂತಲೇ ಇದೆ, ಯಾರೂ ಇಳಿಸಿಲ್ಲ. ಬಿಸಿಯಾಗಿ ತಗ್ಗಿದೆಯಾ ಅಂತ ನೋಡಿದರೆ ಸೆನ್ಸರ್ 46 ಡಿಗ್ರಿ ತೋರಿಸ್ತಿದೆ, ಈ ಚಿಪ್ ತಾನಾಗಿ ತಗ್ಗೋದು 100ರ ಹತ್ತಿರ. ಹೊರಗೆ ಜಡಿಮಳೆ, ಒಳಗೆ ಸ್ವೆಟರ್ ಹಾಕಿಕೊಂಡು ಕೂತಿದ್ದೇನೆ, ಬಿಸಿ ಎಲ್ಲಿಂದ ಬರಬೇಕು!

ಆಗ ಟ್ರೇಸಿಂಗ್, ಅಂದರೆ ಕರ್ನಲ್ ಏನು ಮಾಡ್ತಿದೆ ಅಂತ ಸಾಲು ಸಾಲಾಗಿ ದಾಖಲಿಸುವ ಸೌಲಭ್ಯ, ನೆನಪಾಯಿತು. ಕರ್ನಲ್‌ನ ಟ್ರೇಸಿಂಗ್ ಫೋಲ್ಡರಿನಲ್ಲಿ ಇವೆಂಟ್ಸ್, ಅದರಲ್ಲಿ ಪವರ್, ಅದರಲ್ಲಿ ಸಿಪಿಯು ಫ್ರೀಕ್ವೆನ್ಸಿ ಅಂತ ಒಂದು ಇವೆಂಟ್ ಇದೆ. ರೂಟ್ (ಪೂರ್ತಿ ಅಧಿಕಾರದ ಬಳಕೆದಾರ) ಆಗಿ ಅದರ ಎನೇಬಲ್ ಫೈಲಿಗೆ 1 ಬರೆದು ಟ್ರೇಸ್ ಪೈಪ್ ಓದುತ್ತಾ ಕೂತರೆ, ಕರ್ನಲ್ ವೇಗ ಬದಲಿಸಿದಾಗಲೆಲ್ಲ ಒಂದೊಂದು ಸಾಲು ಬರುತ್ತದೆ. ಗವರ್ನರ್ ಮತ್ತೆ ಶೆಡ್‌ಯುಟಿಲ್‌ಗೆ ತಂದಿಡಿ, ಪರ್ಫಾರ್ಮೆನ್ಸ್‌ನಲ್ಲಿ ಬದಲಾವಣೆಯೇ ಇರೋದಿಲ್ಲವಾದ್ದರಿಂದ ಸಾಲೂ ಬರೋದಿಲ್ಲ. ಬಿಲ್ಡ್ ಶುರು ಮಾಡಿದ ತಕ್ಷಣ ಸ್ಕ್ರೀನ್ ತುಂಬ 3300000, 3300000. ಕರ್ನಲ್ ಪಾಪ ಪೂರ್ತಿ ವೇಗವನ್ನೇ ಕೇಳ್ತಿದೆ!

ಇದನ್ನು ಅಪ್ಪಯ್ಯನಿಗೆ ಹೇಳಿದರೆ ಅವರು ನಕ್ಕರು. "ಮೋಟರಿಗೆ ಸ್ವಿಚ್ ಹಾಕಿದೆ ಅಂತ ನೀರು ಬಂತು ಅಂತ ಲೆಕ್ಕವೇನೋ ಮಾರಾಯ? ತೋಟಕ್ಕೆ ಹೋಗಿ ಪೈಪ್ ನೋಡ್ಬೇಕು."

ಅದೇ ವಿಷಯ. ಟ್ರೇಸ್‌ನಲ್ಲಿ ಬರೋದು ಕರ್ನಲ್ ಕೇಳಿದ್ದು. ನಿಜವಾಗಿ ಓಡಿದ್ದೆಷ್ಟು ಅಂತ ಚಿಪ್‌ನೊಳಗಿನ ಎರಡು ಎಣಿಕೆಗಳಿಂದ ಗೊತ್ತಾಗುತ್ತದೆ, ಎಪರ್ಫ್ ಮತ್ತು ಎಂಪರ್ಫ್. ಕೋರ್ ಎಚ್ಚರ ಇರುವಷ್ಟು ಹೊತ್ತು ಎಂಪರ್ಫ್ ಮೂಲ ವೇಗದಲ್ಲಿ ಏರುತ್ತದೆ, ಎಪರ್ಫ್ ನಿಜವಾಗಿ ಓಡಿದ ವೇಗದಲ್ಲಿ ಏರುತ್ತದೆ. ಎಪರ್ಫ್ ಏರಿದ್ದನ್ನು ಎಂಪರ್ಫ್ ಏರಿದ್ದರಿಂದ ಭಾಗಿಸಿ 2.6 ಗಿಗಾಹರ್ಟ್ಸ್‌ನಿಂದ ಗುಣಿಸಿದರೆ ಲೆಕ್ಕ ಸಿಕ್ಕಿತು. ನನಗೆ ಬಂದ ಭಾಗಲಬ್ಧ 0.307, ಅಂದರೆ ಅದೇ 798. ಕೈಯಲ್ಲಿ ಮಾಡೋದು ಬೇಡ, ಕರ್ನಲ್ ಸೋರ್ಸ್ ಜೊತೆಗೇ ಬರುವ ಟರ್ಬೋಸ್ಟ್ಯಾಟ್ ಇದನ್ನೇ ಮಾಡಿಕೊಡುತ್ತದೆ. ಬಿಝಿ ಮೆಗಾಹರ್ಟ್ಸ್ ಕಾಲಂ ನೋಡಿ. ಆವರೇಜ್ ಕಾಲಂ ನಂಬಬೇಡಿ, ಅದರಲ್ಲಿ ನಿದ್ದೆ ಮಾಡಿದ ಹೊತ್ತೂ ಸೇರಿರುತ್ತದೆ. ಇನ್ನೊಂದು ಮಾತು, ಸೆಕೆಂಡಿಗೆ ಹತ್ತು ಸಲ ಓದುವ ಲೂಪ್ ಬರೆಯೋಕೆ ಹೋಗಬೇಡಿ. ನೋಡೋಕೆ ಅಂತ ಹೋಗಿ ಮಲಗಿದ ಸಿಪಿಯು ಎಬ್ಬಿಸಿ ಕೂರಿಸುತ್ತೀರಿ. ನಾನು ಐದು ಸೆಕೆಂಡಿಗೊಮ್ಮೆ ಇಟ್ಟೆ.

ಟರ್ಬೋಸ್ಟ್ಯಾಟ್ ಓಡ್ತಾ ಇತ್ತು, ಬಿಲ್ಡ್ ಕುಂಟ್ತಾ ಇತ್ತು, ಕರೆಂಟ್ ಹೋಯಿತು. ಇನ್ವರ್ಟರ್ ಅವತ್ತು ಬೆಳಿಗ್ಗೆಯೇ ಕೈಕೊಟ್ಟಿತ್ತು. ಕತ್ತಲಲ್ಲಿ ಸ್ಕ್ರೀನ್ ಒಂದೇ ಬೆಳಕು, ಅದರಲ್ಲಿ 798 ಇದ್ದದ್ದು ಮುಂದಿನ ಸಾಲಿಗೆ 3190 ಆಯಿತು. ಫ್ಯಾನ್ ಬರ್ರ್ ಅಂತ ಎದ್ದಿತು. ಲ್ಯಾಪ್‌ಟಾಪ್ ಚಾರ್ಜರ್ ಇಲ್ಲದಾಗ ಜೋರು, ಚಾರ್ಜರ್ ಹಾಕಿದಾಗ ಮಂದ! ಕರೆಂಟ್ ಬರೋತನಕ ಚಡಪಡಿಸುತ್ತಾ ಅಲ್ಲೇ ಕೂತಿದ್ದೆ. ಬಂತು, ಮತ್ತೆ 798.

ನನ್ನ ಲ್ಯಾಪ್‌ಟಾಪಿನ ಕಂಪನಿಯ ಚಾರ್ಜರ್‌ಗಳಲ್ಲಿ ಪಿನ್ನಿನ ನಡುವೆ ಸೂಜಿಯಂಥ ಒಂದು ತಂತಿ ಇರುತ್ತದೆ. ನಾನು ಇಷ್ಟು ವ್ಯಾಟ್‌ನವನು ಅಂತ ಚಾರ್ಜರ್ ಅದರ ಮೂಲಕ ಲ್ಯಾಪ್‌ಟಾಪಿಗೆ ಹೇಳಬೇಕು. ನನ್ನ 700 ರೂಪಾಯಿಯವನು ಏನೂ ಹೇಳ್ತಿರಲಿಲ್ಲ. ಗುರುತು ಸಿಗದವನ ಮೇಲೆ ಜಾಸ್ತಿ ಹೊರೆ ಹಾಕೋದು ಬೇಡ ಅಂತ ಬೋರ್ಡು ಪ್ರೊಕ್‌ಹಾಟ್ ಅನ್ನೋ, ವೇಗ ತಗ್ಗಿಸು ಅಂತ ಪ್ರೊಸೆಸರಿಗೆ ಹೇಳುವ ಸಿಗ್ನಲ್ ಎಳೆಯುತ್ತದೆ, ಪ್ರೊಸೆಸರ್ ತನ್ನ ಕನಿಷ್ಠಕ್ಕೆ ಇಳಿಯುತ್ತದೆ. ಕರ್ನಲ್ ಎಷ್ಟು ಕೂಗಿದರೂ ಅದರ ಮಾತು ನಡೆಯೋದಿಲ್ಲ. ಖಾತ್ರಿಗೆ ಅಂತ, ಪ್ರೊಸೆಸರಿನ ಒಳಗಿನ ರಿಜಿಸ್ಟರ್‌ಗಳನ್ನು (ಅದರ ಸ್ಥಿತಿ ಇಟ್ಟುಕೊಳ್ಳುವ ಪುಟ್ಟ ಖಾನೆಗಳು) ಓದುವ ಆರ್‌ಡಿ‌ಎಂಎಸ್‌ಆರ್‌ನಲ್ಲಿ ಹೆಕ್ಸ್ 19ಸಿ ರಿಜಿಸ್ಟರ್ ಓದಿದೆ. ಸೊನ್ನೆಯಿಂದ ಎಣಿಸಿದರೆ 2ನೇ ಬಿಟ್, ಅದೇ ಹೊರಗಿನಿಂದ ಎಳೆದಿದ್ದಾರೆ ಅನ್ನುವ ಗುರುತು. 1 ಇತ್ತು. ಚಾರ್ಜರ್ ಕಿತ್ತರೆ 0.

ಹೆಕ್ಸ್ 1ಎಫ್‌ಸಿ ರಿಜಿಸ್ಟರಿನ 0ನೇ ಬಿಟ್ ಆರಿಸಿದರೆ ಪ್ರೊಸೆಸರ್ ಈ ಹೊರಗಿನ ಸಿಗ್ನಲ್ಲಿಗೆ ಕಿವಿಗೊಡೋದಿಲ್ಲ, ಪೂರ್ತಿ ವೇಗ ವಾಪಸ್. ನಾನು ಹತ್ತು ನಿಮಿಷ ಮಾಡಿ ನೋಡಿ ಮತ್ತೆ ಮೊದಲಿನ ಹಾಗೇ ಇಟ್ಟೆ. ಎಷ್ಟು ವ್ಯಾಟ್ ಅಂತ ಗೊತ್ತಿಲ್ಲದ ಚಾರ್ಜರಿನಿಂದ ಪೂರ್ತಿ ಕರೆಂಟ್ ಎಳೆಯೋದು ನನಗೆ ಒಪ್ಪಿಗೆ ಇಲ್ಲ, ಅದೂ ಮರದ ಅಟ್ಟದ ಮನೆಯಲ್ಲಿ.

ನಾಚಿಕೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಮೆಷೀನ್ ಆನ್ ಮಾಡಿದಾಗಲೆಲ್ಲ ಚಾರ್ಜರ್ ಗುರುತು ಸಿಗಲಿಲ್ಲ ಅಂತ ಎರಡು ಸಾಲು ಬರ್ತಿತ್ತು. ನಾನು ಓದದೆ ಎಫ್1 ಒತ್ತಿ ಮುಂದೆ ಹೋಗ್ತಿದ್ದೆ. ಬ್ಯಾಟರಿ ಶೇಕಡಾ 61ರಿಂದ 38ಕ್ಕೆ ಇಳಿದದ್ದು ಮತ್ತೆ ಏರಿರಲಿಲ್ಲ, ಅದನ್ನೂ ಬ್ಯಾಟರಿಯ ವಯಸ್ಸಿನ ಮೇಲೆ ಹಾಕಿದ್ದೆ.

ಅಸಲಿ ಚಾರ್ಜರ್ ತರಿಸಿದೆ, ಪೋಸ್ಟ್‌ನಲ್ಲಿ ಆರು ದಿನಕ್ಕೆ ಬಂತು. ಬಿಲ್ಡ್ ಮತ್ತೆ 7 ನಿಮಿಷ. ಈಗ ನಿಮಿಷಕ್ಕೊಂದು ಸಾಲು ಬರೆಯುವ ಸಣ್ಣ ಸ್ಕ್ರಿಪ್ಟ್ ಇಟ್ಟಿದ್ದೇನೆ, ಅದರಲ್ಲಿ ಸಮಯ, ನಾಲ್ಕು ವೇಗ, ತಾಪಮಾನ, ಜೊತೆಗೆ ಚಾರ್ಜರ್ ಹಾಕಿದೆಯೋ ಇಲ್ಲವೋ. ಆ ಕೊನೆಯ ಕಾಲಂ ಮೊದಲೇ ಇದ್ದಿದ್ದರೆ ಫ್ಯಾನ್ ಬಿಚ್ಚುವ ಕೆಲಸ ಇರ್ತಿರಲಿಲ್ಲ. ಗುಡುಗು ಕೇಳಿದರೆ ಎಲ್ಲ ಪ್ಲಗ್ ಕೀಳೋ ಕೆಲಸ ಮಾತ್ರ ಅಪ್ಪಯ್ಯನದು.