ಕಪಾಟಿನ ಕೀಲಿ

“ಮೇಡಂ, ಫೋರ್ಟ್‌ವಿನ್ ಲೆಕ್ಕ ಹತ್ತವಲ್ದ್ರಿ.”

ಆಪರೇಷನ್ ಥಿಯೇಟರಿನ (ಓಟಿ) ಸಿಸ್ಟರ್ ಹೀಗಂದಾಗ ನಾನು ರೇಗಿದ್ದು ಆಕೆಯ ಮೇಲೇ. ಫೋರ್ಟ್‌ವಿನ್ ಅಂದರೆ ನೋವು ಮರೆಸುವ, ಚಟ ಹಿಡಿಸಬಲ್ಲ ಇಂಜೆಕ್ಷನ್. ವಿಜಯಪುರದಲ್ಲಿ ನನ್ನದು ಸಣ್ಣ ಹೆರಿಗೆ ಆಸ್ಪತ್ರೆ. ನಡುರಾತ್ರಿ ಸಿಸೇರಿಯನ್ ಅಂದರೆ ಓಡಿಬರುವ ಅರಿವಳಿಕೆ ವೈದ್ಯರು ಒಬ್ಬರೇ. ಅವರನ್ನು ಸಂಶಯಿಸಲು ಮನಸ್ಸಿರಲಿಲ್ಲ, ಧೈರ್ಯವೂ ಇರಲಿಲ್ಲ. ಹಾಗೇ 3 ವಾರ ಕಳೆದೆ. ಆ 3 ವಾರದ ಕೇಸುಗಳು ನೆನಪಾದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟ.

ಕೊನೆಗೊಂದು ಭಾನುವಾರ ಕೇಸ್‌ಶೀಟುಗಳನ್ನೂ ಇಂಜೆಕ್ಷನ್ ರಿಜಿಸ್ಟರನ್ನೂ ತಾಳೆ ಹಾಕಿದೆ. ನೋವಿಗೆ ಇಂಜೆಕ್ಷನ್ ಕೊಟ್ಟಿದೆ ಎಂದು ಬರೆದಿದ್ದ ಬಾಣಂತಿಯರು ರಾತ್ರಿಯಿಡೀ ನರಳಿದ್ದರು.

ಒಬ್ಬಳೇ ಹೋಗಿ ಅರಿವಳಿಕೆ ವೈದ್ಯರನ್ನು ಕೇಳಲಿಲ್ಲ. ಅವರ ಹೆಂಡತಿಯನ್ನೂ ನಮ್ಮಿಬ್ಬರಿಗಿಂತ ಹಿರಿಯ ಫಿಜಿಷಿಯನ್ ಒಬ್ಬರನ್ನೂ ಕರೆದು ಕೂತೆವು. “ನೀನೂ ಹಿಂಗ ಅಂತೀಯೇನವಾ?” ಎಂದರು ಅರಿವಳಿಕೆ ವೈದ್ಯರು. ಸ್ವಲ್ಪ ಹೊತ್ತಿಗೆ ತಾವೇ ಅಂಗಿಯ ತೋಳು ಮಡಚಿ ಸೂಜಿಯ ಗುರುತು ತೋರಿಸಿದರು. ಇಂಥ ಮಾತಾದ ಮೇಲೆ ವೈದ್ಯರನ್ನು ಒಂಟಿಯಾಗಿ ಬಿಡಲೇಬಾರದು. ಸಿಕ್ಕಿಬಿದ್ದ ನಾಚಿಕೆಯಲ್ಲಿ ಜೀವ ಕಳೆದುಕೊಂಡವರಿದ್ದಾರೆ, ಅರಿವಳಿಕೆಯವರಿಗಂತೂ ದಾರಿ ಕೈಯಲ್ಲೇ ಇರುತ್ತದೆ. ಅವತ್ತೇ ಮಧ್ಯಾಹ್ನ ಕಾರಿನಲ್ಲಿ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೊರಟೆವು.

ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಬರೆಯಬೇಕೋ ಬೇಡವೋ ಎಂದು ಬಹಳ ಗುದ್ದಾಡಿದೆ. ಸಹವೈದ್ಯರ ಅಸಮರ್ಥತೆಯನ್ನು ಅಂಜದೆ ಬಯಲಿಗೆ ತರಬೇಕೆಂದು ವೈದ್ಯರ 2002ರ ನೀತಿ ನಿಯಮಾವಳಿ ಹೇಳುತ್ತದೆ. ಆದರೆ ಅದರ ಶಿಕ್ಷೆಯ ಭಾಗಕ್ಕೆ ಗೊತ್ತಿರುವುದು ದುರ್ನಡತೆಯೊಂದೇ. ಕಾಯಿಲೆಬಿದ್ದ ವೈದ್ಯರಿಗೆ ಬೇರೆ ಬಾಗಿಲಿಲ್ಲ. 2023ರ ಆಗಸ್ಟ್‌ನಲ್ಲಿ ಬಂದ ಹೊಸ ನಿಯಮಗಳನ್ನು ಅದೇ ತಿಂಗಳು ತಡೆಹಿಡಿದರು. ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್ ಅನಾರೋಗ್ಯವನ್ನು ದುರ್ನಡತೆಯ ಜೊತೆ ಕಲಸುವುದಿಲ್ಲ, ಷರತ್ತು ಹಾಕಿ ಕೆಲಸಕ್ಕೆ ಬಿಡುವುದೂ ಉಂಟು. ಕೊನೆಗೆ ಚಿಕಿತ್ಸೆಗಾಗಿ ವೃತ್ತಿ ನಿಲ್ಲಿಸಿದ್ದೇನೆಂದು ಅರಿವಳಿಕೆ ವೈದ್ಯರೇ ಪರಿಷತ್ತಿಗೆ ಬರೆದರು. ಲೆಕ್ಕದ ಪ್ರತಿಯನ್ನು ನಾನು ಲಗತ್ತಿಸಿದೆ. ಬಾಣಂತಿಯರಿಗೆ ಹೇಳಿದೆನೇ? ಇಬ್ಬರಿಗೆ ಹೇಳಿದೆ. ಉಳಿದವರ ಮನೆಗೆ ಹೋಗಲು ಕಾಲು ಏಳಲಿಲ್ಲ.

8 ತಿಂಗಳ ಮೇಲೆ ಮರಳಿದಾಗ ಒಪ್ಪಂದ ಬರೆದುಕೊಂಡೆವು. ಮೊದಲು ಓಟಿ ಇಲ್ಲ, ಶಸ್ತ್ರಚಿಕಿತ್ಸೆಗೆ ಮುಂಚಿನ ತಪಾಸಣೆ ಮಾತ್ರ. ದಿನಾ ಅಂಥ ಮದ್ದಿನ ಮತ್ತು ಏರದಂತೆ ತಡೆಯುವ ನಾಲ್ಟ್ರೆಕ್ಸೋನ್ ಮಾತ್ರೆ ಸಿಸ್ಟರ್ ಎದುರಿಗೇ ನುಂಗಬೇಕು. ಮೂತ್ರ ಪರೀಕ್ಷೆ ಯಾವಾಗ ಬೇಕಾದರೂ ಆಗಬಹುದು. ಒಡೆದ ಪ್ರತಿ ಆಂಪ್ಯೂಲಿಗೆ ಇಬ್ಬರ ಸಹಿ, ಅದರಲ್ಲಿ ಅವರದಿಲ್ಲ. ಮನೋವೈದ್ಯರು ಪರವಾಗಿಲ್ಲ ಎಂದ ಮೇಲಷ್ಟೇ ಓಟಿಗೆ ಬಂದರು.

ಕಪಾಟಿನ ಕೀಲಿ ಈಗಲೂ ನನ್ನ ಹತ್ತಿರವೇ. ಮದುವೆಗೆಂದು ನಾನು ಸೊಲ್ಲಾಪುರಕ್ಕೆ ಹೋಗುವ ದಿನ ಮಾತ್ರ ಸಿಸ್ಟರ್ ಸೆರಗಿಗೆ ಕಟ್ಟಿಕೊಳ್ಳುತ್ತಾಳೆ.