ಕೈಯಲ್ಲಿ ಡಿಟೆಕ್ಟರ್, ಸೊಂಟದಲ್ಲಿ ಪಿಸ್ತೂಲು: ಅಮೆರಿಕದಲ್ಲಿ ಮಣ್ಣು ಕೆದಕುವ ಕನ್ನಡಿಗರಿಗೆ

ಹೋದ ಚಳಿಗಾಲದ ಒಂದು ಶನಿವಾರ ಅರಿಝೋನಾದ ಮರುಭೂಮಿಯಲ್ಲಿದ್ದೆ. ಹತ್ತು ಮಾರು ದೂರದಲ್ಲಿ ಮಂಡಿಯೂರಿ ಅಗೆಯುತ್ತಿದ್ದ ಗೆಳೆಯನ ಪಿನ್‌ಪಾಯಿಂಟರ್ (ಗುಂಡಿಯೊಳಗೆ ಲೋಹ ಎಲ್ಲಿದೆ ಅಂತ ತೋರಿಸುವ ಕೈಕಡ್ಡಿ) ಒಂದೇ ಸಮನೆ ಗುಂಯ್‌ಗುಟ್ಟತೊಡಗಿತು. ಚಿನ್ನವೇ ಸಿಕ್ಕಿತು ಅಂದುಕೊಂಡು ಓಡಿದೆ. ನಾನು ಕೋಲಾರದ ಕಡೆಯವನು, ಚಿನ್ನ ಅಂದರೆ ಕಾಲು ತಾನಾಗಿ ಓಡುತ್ತದೆ. ಗುಂಡಿಯಲ್ಲಿ ಏನೂ ಇರಲಿಲ್ಲ. ಅವನು ಬಗ್ಗಿದಾಗಲೆಲ್ಲ ಆ ಪುಟ್ಟ ಕಡ್ಡಿ ಸೊಂಟದ ಪಿಸ್ತೂಲಿನ ಹತ್ತಿರ ಬರುತ್ತಿತ್ತು. ಕೂಗುತ್ತಿದ್ದದ್ದು ಅದಕ್ಕೇ.

ಮೆಟಲ್ ಡಿಟೆಕ್ಟರ್ ಹಿಡಿದು ಮಣ್ಣಲ್ಲಿ ಹೂತ ಲೋಹ ಹುಡುಕುವ ಈ ಹವ್ಯಾಸಕ್ಕೆ ಬಂದ ಹೊಸದರಲ್ಲಿ ನನಗೆ ವಿಚಿತ್ರ ಅನಿಸಿದ್ದು ಇದೇ. ಹಳೆ ನಾಣ್ಯ, ಕೋಟಿನ ಗುಂಡಿ, ಕಳೆದುಹೋದ ಉಂಗುರ ಹುಡುಕುವ ಸಾಧು ಜನ. ಹೆಚ್ಚಿನವರು ನಿವೃತ್ತರು. ಆದರೆ ಊಟಕ್ಕೆ ಕೂತರೆ ಮಾತು ಡಿಟೆಕ್ಟರಿನ ತುದಿಯ ತಟ್ಟೆಯಾದ ಕಾಯಿಲ್‌ನಿಂದ ಶುರುವಾಗಿ ಪಿಸ್ತೂಲಿಗೆ ಹೊರಳುತ್ತದೆ. ಅಲ್ಲಿಂದ "ಅದು ಎಲ್ಲಿ ತಯಾರಾದದ್ದು?" ಎಂಬ ಪ್ರಶ್ನೆಗೆ ಬಂದು ನಿಲ್ಲುತ್ತದೆ. ಸುಮ್ನೆ ಕೇಳುತ್ತಾ ಕೂತರೆ ಏನೂ ತೊಂದರೆಯಿಲ್ಲ. ತೊಂದರೆ ಶುರುವಾಗುವುದು "ತಗೋ, ಹಿಡಿದು ನೋಡು" ಅಂದಾಗ. ಎಚ್-1ಬಿ (ಕೆಲಸ), ಎಚ್-4 (ಅವರ ಕುಟುಂಬ), ಎಫ್-1 (ಓದು) ವೀಸಾದಲ್ಲಿರುವವರು ಆ ಕ್ಷಣಕ್ಕೆ ತಯಾರಿರಬೇಕು. ಈ ಬರಹ ಅದಕ್ಕಾಗಿ. ನಾನು ವಕೀಲನಲ್ಲ. ನಿಮ್ಮದೇ ಸಂದರ್ಭಕ್ಕೆ ವಕೀಲರನ್ನು ಕೇಳಿ.

ಪಿಸ್ತೂಲು ಯಾಕೆ, ಯಾವುದು

ಬೀಚಿನಲ್ಲೋ ಪಾರ್ಕಿನಲ್ಲೋ ನಾಣ್ಯ ಹುಡುಕುವವರಲ್ಲಿ ಬಹಳಷ್ಟು ಜನ ಇದನ್ನೆಲ್ಲ ಹೊರುವುದಿಲ್ಲ. ಚಿನ್ನ ಹುಡುಕಲು ಒಬ್ಬೊಬ್ಬರೇ ಮರುಭೂಮಿಗೆ, ಬೆಟ್ಟಕ್ಕೆ ಹೋಗುವವರ ಕಥೆ ಬೇರೆ. ಬುಡುಬುಡಿಕೆ ಹಾವು, ದಕ್ಷಿಣದ ರಾಜ್ಯಗಳಲ್ಲಿ ಕಾಡುಹಂದಿ, ಅಲಾಸ್ಕದಲ್ಲಿ ಕರಡಿ. ಇದಲ್ಲದೆ ಫೋನ್ ಸಿಗ್ನಲ್ ಇಲ್ಲದ ಕಡೆ ಎದುರಾಗುವ ಅಪರಿಚಿತ ಮನುಷ್ಯ. ಅವರ ಮಾತು ಕೇಳಿದರೆ ಹಾವಿಗಿಂತ ಮನುಷ್ಯನ ಭಯವೇ ಜಾಸ್ತಿ ಅನಿಸುತ್ತದೆ.

ಹಳಬರ ಮೆಚ್ಚಿನದು ರಿವಾಲ್ವರ್. ಅದಕ್ಕೆ ಕಾರಣವಿದೆ. ಹಾವಿಗೆ ಅಂತಲೇ ಸಣ್ಣ ಚರೆ ತುಂಬಿದ ತೋಟಾ ಸಿಗುತ್ತದೆ. ಗುಂಡು ಹಾರಿದ ಬಲದಿಂದಲೇ ಮುಂದಿನ ಗುಂಡನ್ನು ಏರಿಸಿಕೊಳ್ಳುವ ಪಿಸ್ತೂಲಿನಲ್ಲಿ ಈ ತೋಟಾ ಆಗಾಗ ಸಿಕ್ಕಿಹಾಕಿಕೊಳ್ಳುತ್ತದೆ. ರಿವಾಲ್ವರ್‌ಗೆ ಆ ಗೊಡವೆ ಇಲ್ಲ, ಕುದುರೆ ಎಳೆದರೆ ಚಕ್ರ ತಿರುಗುತ್ತದೆ. ಹಾಗಾಗಿ .22 ಅಥವಾ .38 (ಇವು ಗುಂಡಿನ ಅಳತೆ) ರಿವಾಲ್ವರ್. ಸ್ಮಿತ್ ಅಂಡ್ ವೆಸನ್ ಕಂಪನಿಯ ಗಿಡ್ಡ ರಿವಾಲ್ವರ್‌ಗಳ ಹೆಸರು ಪದೇಪದೇ ಕಿವಿಗೆ ಬೀಳುತ್ತದೆ. ಕರಡಿ ನಾಡಿನವರು .44 ಮ್ಯಾಗ್ನಮ್ ಅನ್ನುತ್ತಾರೆ.

ದಿನವಿಡೀ ಕಾಯಿಲ್ ಬೀಸಿ ಭುಜ ನೋಯಿಸಿಕೊಳ್ಳುವವರಿಗೆ ಭಾರವೇ ಶತ್ರು. ಅವರು ರೂಗರ್ ಎಲ್‌ಸಿಪಿಯಂಥ ಜೇಬಿನ ಪಿಸ್ತೂಲು ಇಟ್ಟುಕೊಳ್ಳುತ್ತಾರೆ. 2008ರಲ್ಲಿ ಬಂದ ಇದು ಖಾಲಿ ಇದ್ದಾಗ 300 ಗ್ರಾಂಗೂ ಕಡಿಮೆ ತೂಗುತ್ತದೆ. ಹಿಡಿ ಪ್ಲಾಸ್ಟಿಕ್ಕು, ಮೇಲಿನ ಭಾಗ ಉಕ್ಕು. ಅಂದರೆ ಡಿಟೆಕ್ಟರ್ ಇದನ್ನೂ ಬಿಡುವುದಿಲ್ಲ. ಬಲಗೈಯವರು ಪಿನ್‌ಪಾಯಿಂಟರ್ ಬಲಕ್ಕೆ, ಪಿಸ್ತೂಲು ಎಡಕ್ಕೆ ಸಿಕ್ಕಿಸಿಕೊಳ್ಳುವುದು ಅದಕ್ಕೇ. ನನ್ನ ಗೆಳೆಯ ಇನ್ನೂ ಈ ಪಾಠ ಕಲಿತಿಲ್ಲ.

"ನಮ್ಮ ದೇಶದ್ದು" ಅನ್ನುವ ಹೆಮ್ಮೆ

ಈ ಹೆಮ್ಮೆಯ ಹಿಂದೆ ಒಂದು ನೋವೂ ಇದೆ. ಡಿಟೆಕ್ಟರ್ ಲೋಕದಲ್ಲಿ ಅಮೆರಿಕದ ಹಳೆ ಹೆಸರುಗಳು ಒಂದೊಂದಾಗಿ ಹೋದವು. ಅರಿಝೋನಾದ ಪ್ರೆಸ್ಕಾಟ್ ಊರಿನ ಟೆಸೊರೊ 2018ರಲ್ಲಿ ಮುಚ್ಚಿತು. ಆರೆಗನ್ ರಾಜ್ಯದ ಸ್ವೀಟ್ ಹೋಮ್ ಎಂಬ ಊರಿನ ವೈಟ್ಸ್ 2020ರಲ್ಲಿ ಬಾಗಿಲು ಹಾಕಿತು. ಉಳಿದದ್ದರಲ್ಲಿ ದೊಡ್ಡದು 1964ರಲ್ಲಿ ಶುರುವಾದ ಟೆಕ್ಸಸ್‌ನ ಗ್ಯಾರೆಟ್. ವಿಮಾನ ನಿಲ್ದಾಣಗಳ ತಪಾಸಣೆ ಯಂತ್ರಗಳಿಗೂ ಇದು ಹೆಸರುವಾಸಿ. ಟೆಕ್ಸಸ್‌ನದೇ ಇನ್ನೊಂದು ಹಳೆ ಹೆಸರು ಎಲ್ ಪಾಸೋದ ಫಿಶರ್. ಇವತ್ತು ಮಾರುಕಟ್ಟೆಯಲ್ಲಿ ಮೆರೆಯುವ ಮೈನ್‌ಲ್ಯಾಬ್ ಆಸ್ಟ್ರೇಲಿಯಾದ್ದು, ತಯಾರಾಗುವುದು ಮಲೇಷ್ಯಾದಲ್ಲಿ. ಎಕ್ಸ್‌ಪಿ ಫ್ರಾನ್ಸಿನದು, ನೋಕ್ಟಾ ಟರ್ಕಿಯದು. ಮಲೇಷ್ಯಾದ ಡಿಟೆಕ್ಟರ್ ಕೈಯಲ್ಲಿ ಹಿಡಿದು "ಕಡೇಪಕ್ಷ ಪಿಸ್ತೂಲಾದರೂ ಅಮೆರಿಕದ್ದು" ಅಂತ ಹೇಳಿಕೊಳ್ಳುವವರನ್ನು ನೋಡಿದರೆ ನಗು ಬರುತ್ತದೆ, ಪಾಪ ಅಂತಲೂ ಅನಿಸುತ್ತದೆ.

ಟೆಸೊರೊ ಹೋದರೂ ಅದೇ ಪ್ರೆಸ್ಕಾಟ್‌ನಲ್ಲಿ ರೂಗರ್ ಪಿಸ್ತೂಲು ಕಾರ್ಖಾನೆ ಇದೆ. ಅರಿಝೋನಾದವರಿಗೆ ಅದು ಪಕ್ಕದ ಮನೆ ಹುಡುಗ ಇದ್ದ ಹಾಗೆ. ಸ್ಮಿತ್ ಅಂಡ್ ವೆಸನ್ 1852ರ ಕಂಪನಿ. ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ತಲೆಮಾರುಗಟ್ಟಲೆ ಇದ್ದು, ಈಗ ಮುಖ್ಯ ಕಚೇರಿಯನ್ನು ಟೆನೆಸಿಗೆ ಸಾಗಿಸಿದೆ. ಕೋಲ್ಟ್ ಅಂದರೆ ಕೌಬಾಯ್ ನೆನಪು, ಅಲ್ವಾ? 2021ರಲ್ಲಿ ಅದನ್ನು ಕೊಂಡದ್ದು ಝೆಕ್ ಕಂಪನಿ. ಕಾರ್ಖಾನೆ ಕನೆಕ್ಟಿಕಟ್‌ನಲ್ಲೇ ಇದೆ, ಲಾಭ ಮಾತ್ರ ಯೂರೋಪಿಗೆ.

ಇನ್ನೂ ಮಜಾ ಇರುವುದು ಸ್ಪ್ರಿಂಗ್‌ಫೀಲ್ಡ್ ಆರ್ಮರಿ ಎಂಬ ಹೆಸರಿನಲ್ಲಿ. ಆ ಹೆಸರಿನ ಸರ್ಕಾರಿ ಕಾರ್ಖಾನೆ 1968ರಲ್ಲೇ ಮುಚ್ಚಿಹೋಯಿತು. ಈಗ ಆ ಹೆಸರಿಟ್ಟುಕೊಂಡಿರುವುದು ಇಲಿನಾಯ್‌ನ ಖಾಸಗಿ ಕಂಪನಿ. ಅದು ಮಾರುವ ಹೆಲ್‌ಕ್ಯಾಟ್ ಪಿಸ್ತೂಲು ತಯಾರಾಗುವುದು ಕ್ರೊಯೇಷಿಯಾದಲ್ಲಿ. ಮೈಸೂರು ಸಿಲ್ಕ್ ಅಂತ ಹೇಳಿ ಸೂರತ್ ಸೀರೆ ಕೊಟ್ಟ ಹಾಗೆ. ಆದರೆ ಇಲ್ಲಿ ಮೋಸವಿಲ್ಲ. ತಯಾರಕರ ಅಥವಾ ಆಮದುದಾರರ ಹೆಸರು, ಊರು, ಹೊರಗಿನದಾದರೆ ದೇಶ, ಇಷ್ಟೂ ಬಂದೂಕಿನ ಮೇಲೇ ಕೆತ್ತಿರಬೇಕು ಎಂಬುದು ಕಾನೂನು. ಓದುವವರು ಕಡಿಮೆ, ಅಷ್ಟೇ.

ಗ್ಲಾಕ್‌ದು ಇದಕ್ಕೆ ಉಲ್ಟಾ ಕಥೆ. ಕಂಪನಿ ಆಸ್ಟ್ರಿಯಾದ್ದು, ಜಾರ್ಜಿಯಾದ ಸ್ಮರ್ನಾದಲ್ಲೂ ಕಾರ್ಖಾನೆ ಇದೆ. ಅಲ್ಲೂ ಯಾಕೆ ತಯಾರಿಸಬೇಕಾಯಿತು ಅನ್ನುವುದಕ್ಕೆ ಒಂದು ಕಾರಣ 1968ರ ಬಂದೂಕು ನಿಯಂತ್ರಣ ಕಾಯ್ದೆ. ಕೆನಡಿ ಸೋದರರು ಮತ್ತು ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಗಳ ನಂತರ ಬಂದದ್ದು ಅದು. ಹೊರದೇಶದ ಪಿಸ್ತೂಲು "ಕ್ರೀಡೆಗೆ ಯೋಗ್ಯ" ಎಂದು ತೋರಿಸಿದರೆ ಮಾತ್ರ ಒಳಗೆ ಬಿಡುತ್ತಾರೆ. ಅದಕ್ಕೆ ಅಂಕಪಟ್ಟಿಯೇ ಇದೆ. ಉದ್ದಕ್ಕೆ ಇಷ್ಟು, ತೂಕಕ್ಕೆ ಇಷ್ಟು, ಸರಿಹೊಂದಿಸುವ ಗುರಿಕಣ್ಣಿಗೆ ಇಷ್ಟು ಅಂತ ಕೂಡಿಸಿ 75 ಅಂಕ ಬಂದರೆ ಪಾಸು. ಜೇಬಿನಲ್ಲಿ ಹಿಡಿಸುವ ಪುಟಾಣಿ ಪಿಸ್ತೂಲು ಇದರಲ್ಲಿ ಫೇಲಾಗುತ್ತದೆ. ಅದೇ ಪಿಸ್ತೂಲನ್ನು ಅಮೆರಿಕದ ಒಳಗೇ ತಯಾರಿಸಿದರೆ ಈ ಪರೀಕ್ಷೆಯೇ ಇಲ್ಲ! 2014ರ ಪುಟ್ಟ ಗ್ಲಾಕ್ 42 ಜಾರ್ಜಿಯಾದಲ್ಲಿ ಹುಟ್ಟಿದ್ದು ಹೀಗೆ. ಹಾಗಾಗಿ ಡಿಟೆಕ್ಟರ್ ಗೆಳೆಯರ ಜೇಬಿನಲ್ಲಿರುವ ಸಣ್ಣ ಪಿಸ್ತೂಲು ಅಮೆರಿಕದ್ದಾಗಿರುವುದಕ್ಕೆ ಅವರ ದೇಶಾಭಿಮಾನದ ಜತೆ ಈ ಅಂಕಪಟ್ಟಿಯ ಪಾಲೂ ಇದೆ. ಇದನ್ನು ಅವರಿಗೆ ಹೇಳಿ ನೋಡಿ, ಊಟದ ಹೊತ್ತು ಬೇಗ ಕಳೆಯುತ್ತದೆ.

ನಮ್ಮ ಕೈ ಎಲ್ಲಿರಬೇಕು

ಈಗ ಅಸಲು ವಿಷಯ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ, ವಲಸೆಯೇತರ ವೀಸಾದ ಮೇಲೆ (ಎಚ್-1ಬಿ, ಎಚ್-4, ಎಫ್-1 ಎಲ್ಲ ಇದರಲ್ಲೇ) ಒಳಬಂದವರು ಬಂದೂಕು ಅಥವಾ ಮದ್ದುಗುಂಡು ಇಟ್ಟುಕೊಳ್ಳುವಂತಿಲ್ಲ. ಕೊಳ್ಳುವುದು ಮಾತ್ರ ತಪ್ಪು ಅಂದುಕೊಳ್ಳಬೇಡಿ. ಗೆಳೆಯನ ಪಿಸ್ತೂಲನ್ನು ಕೈಯಲ್ಲಿ ಹಿಡಿದರೂ, ಶೂಟಿಂಗ್ ರೇಂಜಿನಲ್ಲಿ ಬಾಡಿಗೆಗೆ ತೆಗೆದುಕೊಂಡರೂ ಅದು "ಇಟ್ಟುಕೊಂಡ" ಲೆಕ್ಕಕ್ಕೆ ಬರಬಹುದು. ಶಿಕ್ಷೆ 15 ವರ್ಷದವರೆಗೆ. ಆಫೀಸಿನ ಟೀಮ್ ಔಟಿಂಗ್ ಅಂತ ರೇಂಜಿಗೆ ಹೋಗಿ ಫೋಟೋ ಹಾಕಿಕೊಳ್ಳುವ ನಮ್ಮ ಹುಡುಗರಿಗೆ ಇದು ಗೊತ್ತೇ ಇರುವುದಿಲ್ಲ.

ಒಂದು ಬಾಗಿಲು ತೆರೆದಿದೆ. ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇದ್ದರೆ ಈ ನಿಷೇಧ ಅನ್ವಯಿಸುವುದಿಲ್ಲ. ಮೀನು ಹಿಡಿಯುವ ಲೈಸೆನ್ಸ್ ಸಾಲದು. ಸಸ್ಯಾಹಾರಿ ಸಾಫ್ಟ್‌ವೇರ್ ಎಂಜಿನಿಯರ್ ಬೇಟೆ ಲೈಸೆನ್ಸ್ ಜೇಬಿನಲ್ಲಿಟ್ಟುಕೊಂಡು ಓಡಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇದು ಕೇಂದ್ರದ ನಿಷೇಧವನ್ನಷ್ಟೇ ದಾಟಿಸುತ್ತದೆ. ರಾಜ್ಯದ ಕಾನೂನು ಬೇರೆಯೇ ಇರುತ್ತದೆ. ಲೈಸೆನ್ಸ್ ಅವಧಿ ಮುಗಿದ ಮರುದಿನವೇ ನೀವು ಮತ್ತೆ ನಿಷೇಧದ ಒಳಗೆ.

ವೀಸಾ ಅವಧಿ ಮೀರಿದವರಿಗಂತೂ ಇನ್ನೂ ಕಷ್ಟ. 2019ರಲ್ಲಿ ಸುಪ್ರೀಂ ಕೋರ್ಟಿಗೆ ಬಂದ ರೆಹೈಫ್ ಪ್ರಕರಣ ನೋಡಿ. ಅರಬ್ ಎಮಿರೇಟ್ಸ್‌ನಿಂದ ಓದಲು ಬಂದ ಹುಡುಗ. ಮಾರ್ಕ್ಸ್ ಕಡಿಮೆಯಾಗಿ ಕಾಲೇಜು ಹೊರಹಾಕಿತು, ಅದರೊಂದಿಗೆ ವಿದ್ಯಾರ್ಥಿ ಸ್ಥಾನಮಾನವೂ ಹೋಯಿತು. ಆಮೇಲೆ ಅವನು ಫ್ಲೋರಿಡಾದ ರೇಂಜಿನಲ್ಲಿ ಗುಂಡು ಹಾರಿಸಿದ. ಅಷ್ಟಕ್ಕೇ ಕೇಸು. ತಾನು ನಿಷೇಧಿತರ ಸಾಲಿನಲ್ಲಿದ್ದೇನೆ ಎಂಬುದು ಆರೋಪಿಗೆ ಗೊತ್ತಿತ್ತು ಎಂದು ಸರ್ಕಾರ ಸಾಬೀತು ಮಾಡಬೇಕು ಎಂದು ಕೋರ್ಟು ಹೇಳಿತು. ಇಷ್ಟು ಓದಿದ ಮೇಲೆ ನಿಮಗೆ "ಗೊತ್ತಿರಲಿಲ್ಲ" ಅನ್ನುವ ಮಾತು ಉಳಿದಿಲ್ಲ, ಕ್ಷಮಿಸಿ.

ಗ್ರೀನ್ ಕಾರ್ಡ್ ಬಂದವರಿಗೆ ಈ ನಿಷೇಧವಿಲ್ಲ. ಅಂಗಡಿಯಿಂದ ಪಿಸ್ತೂಲು ಕೊಳ್ಳಲು 21 ತುಂಬಿರಬೇಕು, ಹಿನ್ನೆಲೆ ತಪಾಸಣೆ ಆಗುತ್ತದೆ, ತಾವಿರುವ ರಾಜ್ಯದಲ್ಲೇ ಕೊಳ್ಳಬೇಕು. ಆದರೆ ಬಂದೂಕಿನ ಅಪರಾಧ ಸಾಬೀತಾದರೆ ಗ್ರೀನ್ ಕಾರ್ಡ್ ಇದ್ದರೂ ಗಡೀಪಾರಿಗೆ ದಾರಿಯಾಗುತ್ತದೆ. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವ ನಮ್ಮವರೇ ಜಾಸ್ತಿ. ಕಾರ್ಡ್ ಕೈಗೆ ಬರುವವರೆಗೆ ನಿಮ್ಮನ್ನು ನೀವು ವೀಸಾದವರು ಎಂದೇ ತಿಳಿಯುವುದು ಕ್ಷೇಮ.

ಕೊಡಗಿನವರಿಗೆ ಒಂದು ಮಾತು. ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್‌ನಲ್ಲಿ ಕೋವಿಗೆ ತೋಕ್ ಪೂ (ಕೋವಿ ಹೂ) ಇಟ್ಟು ಪೂಜಿಸುವ ಮನೆಯಿಂದ ಬಂದಿರುತ್ತೀರಿ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ಲೈಸೆನ್ಸ್ ವಿನಾಯಿತಿಯನ್ನು ಭಾರತದ ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ. ಆ ವಿನಾಯಿತಿ ವಿಮಾನ ಹತ್ತುವುದಿಲ್ಲ.

ಕಾರಿನ ವಿಷಯಕ್ಕೂ ಗಮನ ಕೊಡಿ. ಡಿಟೆಕ್ಟರ್ ಮಂದಿ ಒಟ್ಟಿಗೆ ಹೋಗುವುದು ಸಾಮಾನ್ಯ. ಗೆಳೆಯನ ಬ್ಯಾಗು ನಿಮ್ಮ ಡಿಕ್ಕಿಯಲ್ಲಿದ್ದು, ಅದರೊಳಗೆ ಪಿಸ್ತೂಲಿದೆ ಅಂತ ನಿಮಗೆ ಗೊತ್ತಿದ್ದರೆ, ಅದು ನಿಮ್ಮ ವಶದಲ್ಲೂ ಇತ್ತು ಎಂಬ ವಾದಕ್ಕೆ ಜಾಗವಾಗುತ್ತದೆ. ನಾನು ನನ್ನ ಕಾರಿನಲ್ಲಿ ಬೇರೆಯಾಗಿ ಹೋಗುತ್ತೇನೆ. ಪೆಟ್ರೋಲು ಜಾಸ್ತಿ, ನಿದ್ದೆ ಚೆನ್ನಾಗಿ ಬರುತ್ತದೆ. ಮೇಲಾಗಿ ರಾಜ್ಯದ ಗಡಿ ಬೇರೆ. ಅರಿಝೋನಾದಲ್ಲಿ 21 ದಾಟಿದ, ನಿಷೇಧವಿಲ್ಲದ ಯಾರು ಬೇಕಾದರೂ ಪರವಾನಗಿಯಿಲ್ಲದೆ ಪಿಸ್ತೂಲು ಹೊರಬಹುದು. ಚಿನ್ನ ಹುಡುಕುವವರು ಚಳಿಗಾಲದಲ್ಲಿ ಸೇರುವ ಕ್ವಾರ್ಟ್ಸ್‌ಸೈಟ್‌ನಿಂದ ಕೊಲರಾಡೊ ನದಿ ದಾಟಿದರೆ ಕ್ಯಾಲಿಫೋರ್ನಿಯಾ. ಅಲ್ಲಿ ಅದೇ ಜೇಬು, ಅದೇ ಪಿಸ್ತೂಲು ಅಪರಾಧ.

ಮಣ್ಣಿನ ಕಾನೂನು

ಇಲ್ಲಿನ ಒಂದು ನಿಯಮ ನನಗೆ ಇವತ್ತಿಗೂ ಅರಗುವುದಿಲ್ಲ. ರಾಷ್ಟ್ರೀಯ ಉದ್ಯಾನಗಳಲ್ಲಿ 2010ರಿಂದ ಆಯಾ ರಾಜ್ಯದ ಕಾನೂನು ಒಪ್ಪಿದರೆ ಪಿಸ್ತೂಲು ಹೊರಬಹುದು, ಸರ್ಕಾರಿ ಕಟ್ಟಡಗಳ ಒಳಗೆ ಮಾತ್ರ ಇಲ್ಲ. ಮೆಟಲ್ ಡಿಟೆಕ್ಟರ್? ಕೈಯಲ್ಲಿ ಇಟ್ಟುಕೊಳ್ಳುವುದೇ ತಪ್ಪು! ಆರು ತಿಂಗಳವರೆಗೆ ಜೈಲಾಗಬಹುದು. ಉದ್ಯಾನದ ಮೂಲಕ ಕಾರಿನಲ್ಲಿ ಹಾದುಹೋಗುವುದಾದರೆ ಕಾಯಿಲ್ ಬಿಚ್ಚಿ, ಬಳಸಲಾಗದಂತೆ ಕಟ್ಟಿಡಬೇಕು.

ಅಮೆರಿಕದ ಕೇಂದ್ರ ಸರ್ಕಾರದ ಜಮೀನಿನಲ್ಲಿ ಮತ್ತು ಬುಡಕಟ್ಟುಗಳ ಜಮೀನಿನಲ್ಲಿ 100 ವರ್ಷ ದಾಟಿದ ಪುರಾತತ್ವ ವಸ್ತು ಅಗೆಯುವುದು 1979ರ ಕಾಯ್ದೆಯ ಪ್ರಕಾರ ಅಪರಾಧ. ನಮ್ಮಲ್ಲಿ 1878ರ ನಿಧಿ ಕಾಯ್ದೆ ಇದೆ. ಹತ್ತು ರೂಪಾಯಿಗಿಂತ ಬೆಲೆಬಾಳುವ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಇಲ್ಲಿ ಖಾಸಗಿ ಜಮೀನಾದರೆ ಮಾಲೀಕರ ಒಪ್ಪಿಗೆಯೇ ಮುಖ್ಯ. ಬರಹದಲ್ಲಿ ಪಡೆಯಿರಿ. ಪಿಸ್ತೂಲು ಹೊತ್ತ ಗೆಳೆಯ ಜತೆಗಿದ್ದರೆ ಅದನ್ನೂ ಮಾಲೀಕರಿಗೆ ಮೊದಲೇ ಹೇಳಿಬಿಡಿ.

ಚಿನ್ನಕ್ಕೆ ಹೋಗುವವರು ಗಣಿ ಕ್ಲೇಮ್ ನೋಡಿಕೊಳ್ಳಬೇಕು. 1872ರ ಗಣಿ ಕಾನೂನಿನಡಿ ಯಾರೋ ಒಬ್ಬರು ಬಯಲಿನ ತುಂಡಿಗೆ ಹಕ್ಕು ಹಾಕಿರುತ್ತಾರೆ. ಬೇಲಿ ಇರುವುದಿಲ್ಲ, ಮೂಲೆಯಲ್ಲಿ ಒಂದು ಗೂಟ ಇದ್ದರೆ ಪುಣ್ಯ. ಅಲ್ಲಿನ ಚಿನ್ನ ಅವರದ್ದು. ಭೂ ನಿರ್ವಹಣಾ ಇಲಾಖೆಯ ದಾಖಲೆಯಲ್ಲಿ ಮೊದಲೇ ಹುಡುಕಿ. ಕ್ಲೇಮ್ ಮಾಲೀಕರೂ ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡೇ ಬರುತ್ತಾರೆ, ಅವರ ಹತ್ತಿರ ವಾದಕ್ಕೆ ಇಳಿಯಬೇಡಿ.

ಕೊನೆಗೆ, ಯಾರೂ ನನಗೆ ಮೊದಲೇ ಹೇಳದ ವಿಷಯ. ಡಿಟೆಕ್ಟರ್‌ಗೆ ತೋಟಾ ಸಿಗುತ್ತಲೇ ಇರುತ್ತದೆ. ಖಾಲಿ ಹಿತ್ತಾಳೆ ಕೊಳವೆ ಜಾಸ್ತಿ, ಆದರೆ ಹಾರದೆ ಉಳಿದ ಗುಂಡೂ ಬರುತ್ತದೆ. ನಿಷೇಧ ಮದ್ದುಗುಂಡಿಗೂ ಇದೆ ಅಂದೆನಲ್ಲ? ಹಾಗಾಗಿ ತುಂಬಿದ ತೋಟಾ ಕಂಡರೆ ನಾನು ಚೀಲಕ್ಕೆ ಹಾಕುವುದಿಲ್ಲ. ಜತೆಯವರನ್ನು ಕರೆಯುತ್ತೇನೆ, ಅವರು ತೆಗೆದುಕೊಳ್ಳುತ್ತಾರೆ. ತುಕ್ಕು ಹಿಡಿದ ಪಿಸ್ತೂಲೇ ಸಿಕ್ಕರೆ ಮುಟ್ಟದೆ, ಜಾಗ ಗುರುತು ಮಾಡಿ ಪೊಲೀಸರಿಗೆ ಫೋನ್ ಮಾಡಿ. ಯಾವುದೋ ಅಪರಾಧದ್ದೂ ಆಗಿರಬಹುದು. 1898ರಲ್ಲಿ ಅಥವಾ ಅದಕ್ಕೂ ಮುಂಚೆ ತಯಾರಾದದ್ದನ್ನು ಕೇಂದ್ರ ಕಾನೂನು ಬಂದೂಕು ಅನ್ನುವುದಿಲ್ಲ, ನಿಜ. ಆದರೆ ಮಣ್ಣು ಮೆತ್ತಿದ ಕಬ್ಬಿಣದ ತುಂಡಿನ ವಯಸ್ಸನ್ನು ಗುಂಡಿಯ ಪಕ್ಕ ಮಂಡಿಯೂರಿ ಲೆಕ್ಕ ಹಾಕುವುದು ನನ್ನಿಂದಾಗದ ಕೆಲಸ.

ಹಾವಿಗೆ ನಾನು ಮೊಣಕಾಲವರೆಗೆ ಗೇಟರ್ ಎಂಬ ದಪ್ಪ ಕಾಲುಪಟ್ಟಿ ಕಟ್ಟಿಕೊಳ್ಳುತ್ತೇನೆ. ಪೊದೆಗೆ ಕೈ ಹಾಕುವ ಮುಂಚೆ ಕೋಲಿನಿಂದ ತಟ್ಟುತ್ತೇನೆ. ಗೆಳೆಯನಿಗೆ ಅದು ತಮಾಷೆ. ಅವನ ಪಿನ್‌ಪಾಯಿಂಟರ್ ಮಾತ್ರ ಇನ್ನೂ ಸೊಂಟ ನೋಡಿ ಕೂಗುತ್ತಲೇ ಇದೆ. ನಾನೀಗ ಓಡಿ ಹೋಗುವುದನ್ನು ಬಿಟ್ಟಿದ್ದೇನೆ.